ಎರಡನೇ ಏಟಿನ ಲೆಕ್ಕ

1972ರ ಮೇ 26ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮತ್ತು ಸೋವಿಯತ್ ನಾಯಕ ಲಿಯೊನಿದ್ ಬ್ರೆಜ್ನೆವ್ ಮಾಸ್ಕೋದಲ್ಲಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮೇಲ್ನೋಟಕ್ಕೆ ಅದು ತಲೆಬುಡವಿಲ್ಲದ ಒಪ್ಪಂದ. ಶತ್ರುವಿನ ಕ್ಷಿಪಣಿ ಬಂದರೆ ಅದನ್ನು ಆಕಾಶದಲ್ಲೇ ಹೊಡೆದು ಬೀಳಿಸುವ ವ್ಯವಸ್ಥೆಯನ್ನು ದೇಶದ ತುಂಬಾ ಕಟ್ಟಿಕೊಳ್ಳುವುದಿಲ್ಲ ಎಂದು ಇಬ್ಬರೂ ಒಪ್ಪಿಕೊಂಡರು. ತಲಾ ಎರಡು ಜಾಗದಲ್ಲಿ ಮಾತ್ರ ಅಂಥ ರಕ್ಷಣೆಗೆ ಅವಕಾಶ. 1974ರಲ್ಲಿ ಅದನ್ನೂ ಒಂದಕ್ಕೆ ಇಳಿಸಿದರು. ಸೋವಿಯತ್ ಒಕ್ಕೂಟ ಮಾಸ್ಕೋವನ್ನು ಆರಿಸಿಕೊಂಡಿತು. ಅಮೆರಿಕ ನಾರ್ತ್ ಡಕೋಟಾದಲ್ಲಿ ಒಂದು ನೆಲೆ ಕಟ್ಟಿತು, ಶುರು ಮಾಡಿದ ಕೆಲವೇ ತಿಂಗಳಲ್ಲಿ ಅದರ ಬಾಗಿಲನ್ನೂ ಹಾಕಿತು. ನ್ಯೂಯಾರ್ಕ್, ಷಿಕಾಗೊ, ಲೆನಿನ್‌ಗ್ರಾಡ್, ಕೀವ್, ಎಲ್ಲವೂ ಬಟಾಬಯಲು.

ಯಾವ ಸರ್ಕಾರ ತಾನೇ ‘ನಮ್ಮ ಜನರನ್ನು ನಾವು ಕಾಪಾಡುವುದಿಲ್ಲ’ ಎಂದು ಶತ್ರುವಿಗೆ ಬರೆದುಕೊಡುತ್ತದೆ? ಆದರೆ ಬರೆದುಕೊಟ್ಟರು. ಹುಚ್ಚಿನಿಂದಲ್ಲ, ಇಪ್ಪತ್ತು ವರ್ಷ ಲೆಕ್ಕ ಹಾಕಿ. ಆ ಲೆಕ್ಕ ಅರ್ಥವಾದರೆ ಎರಡು ಮಹಾಶಕ್ತಿಗಳು ಅಷ್ಟು ವರ್ಷ ಹಲ್ಲು ಕಡಿಯುತ್ತಾ ನಿಂತರೂ ನೇರವಾಗಿ ಯಾಕೆ ಹೊಡೆದಾಡಲಿಲ್ಲ ಅನ್ನುವುದು ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಪೂರ್ತಿ ಅಲ್ಲ. ಲೆಕ್ಕಕ್ಕೆ ಸಿಗದ ಭಾಗವೂ ಇದೆ, ಅದಕ್ಕೆ ಆಮೇಲೆ ಬರೋಣ.

1945ರಿಂದ ನಾಲ್ಕು ವರ್ಷ ಅಣುಬಾಂಬು ಇದ್ದದ್ದು ಅಮೆರಿಕದ ಹತ್ತಿರ ಮಾತ್ರ. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಸೆಮಿಪಲಾಟಿನ್ಸ್ಕ್ ಬಯಲಿನಲ್ಲಿ ತನ್ನ ಮೊದಲ ಬಾಂಬು ಸಿಡಿಸಿತು. 1952ರಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಸಾಧನದ ಶಕ್ತಿ ಹಿರೋಷಿಮಾ ಬಾಂಬಿನ ಸುಮಾರು 700 ಪಟ್ಟು. ಇದಾದ ಮೇಲೆ ‘ಯುದ್ಧ ಗೆಲ್ಲುವುದು’ ಅನ್ನುವ ಮಾತಿಗೆ ಹಳೆಯ ತೂಕ ಉಳಿಯಲಿಲ್ಲ. ಗೆದ್ದವನ ಊರೂ ಬೂದಿಯಾಗುತ್ತದೆ ಎಂದಾದರೆ ಗೆದ್ದು ಏನು ಪ್ರಯೋಜನ? ಹಾಗಾಗಿ ಸೈನ್ಯದ ಕೆಲಸವೇ ಬದಲಾಯಿತು. ಹೊಡೆಯುವುದಲ್ಲ, ‘ನೀನು ಹೊಡೆದರೆ ನಿನಗೂ ಉಳಿಗಾಲವಿಲ್ಲ’ ಎಂದು ಎದುರಾಳಿಗೆ ಮನವರಿಕೆ ಮಾಡುತ್ತಾ ಕೂರುವುದು. ಡಿಟರೆನ್ಸ್ ಅಂದರೆ ಇಷ್ಟೇ.

ಕೇಳಲು ಸುಲಭ. ಇಬ್ಬರ ಹತ್ತಿರವೂ ಬಾಂಬು ಇದ್ದರೆ ಇಬ್ಬರೂ ಹೆದರಿಕೊಂಡು ಸುಮ್ನೆ ಇರುತ್ತಾರೆ, ಅಲ್ವಾ? ಮೊದಮೊದಲು ತುಂಬಾ ಜನ ಹಾಗೇ ನಂಬಿದ್ದರು. ಅದು ತಪ್ಪು ಎಂದು ತೋರಿಸಿದವರಲ್ಲಿ ಮುಖ್ಯನಾದವನು ಆಲ್ಬರ್ಟ್ ವೋಲ್‌ಸ್ಟೆಟರ್. ಕ್ಯಾಲಿಫೋರ್ನಿಯಾದ ರ‍್ಯಾಂಡ್ ಎಂಬ ಸೇನಾ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆತ 1950ರ ದಶಕದ ಆರಂಭದಲ್ಲಿ ನೋಡಿದ್ದು ಬಾಂಬುಗಳನ್ನಲ್ಲ, ಬಾಂಬರ್ ವಿಮಾನಗಳು ನಿಲ್ಲುವ ಜಾಗಗಳನ್ನು. ಅಮೆರಿಕ ತನ್ನ ವಿಮಾನಗಳನ್ನು ಸೋವಿಯತ್ ಗಡಿಗೆ ಹತ್ತಿರವಾಗಲಿ ಎಂದು ಹೊರದೇಶಗಳ ನೆಲೆಗಳಲ್ಲಿ ಸಾಲಾಗಿ ನಿಲ್ಲಿಸುವ ಯೋಜನೆ ಹಾಕಿತ್ತು. ಶತ್ರುವಿಗೆ ಹತ್ತಿರ ಅಂದರೆ ಶತ್ರುವಿನ ಕೈಗೂ ಹತ್ತಿರ. ಆತ ದಿಢೀರನೆ ಬಂದು ಆ ನೆಲೆಗಳ ಮೇಲೆ ಬಾಂಬು ಹಾಕಿದರೆ ವಿಮಾನಗಳು ನಿಂತಲ್ಲೇ ಸುಟ್ಟುಹೋಗುತ್ತವೆ. ಆಮೇಲೆ ಸೇಡು ತೀರಿಸಿಕೊಳ್ಳಲು ಏನು ಉಳಿಯಿತು?

ಈ ಪ್ರಶ್ನೆಯಿಂದಲೇ ಇಡೀ ಲೆಕ್ಕ ಬದಲಾಯಿತು. ನಿಮ್ಮ ಹತ್ತಿರ ಎಷ್ಟು ಬಾಂಬಿದೆ ಅನ್ನುವುದು ಮುಖ್ಯವಲ್ಲ. ಮೊದಲ ಏಟು ತಿಂದ ಮೇಲೆ ಎಷ್ಟು ಉಳಿಯುತ್ತದೆ, ಅದು ಮುಖ್ಯ. ಎದುರಾಳಿಯನ್ನು ಸುಮ್ಮನಿರಿಸುವುದು ನಿಮ್ಮ ಮೊದಲ ಏಟಲ್ಲ, ಎರಡನೆಯದು.

ಎರಡನೇ ಏಟು ಗ್ಯಾರಂಟಿ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ನಿಮ್ಮ ಕ್ಷಿಪಣಿಗಳೆಲ್ಲ ಬಯಲಲ್ಲಿ ನಿಂತಿವೆ. ನನ್ನವೂ ಹಾಗೆಯೇ. ಇಬ್ಬರಿಗೂ ಯುದ್ಧ ಬೇಡ. ಆದರೆ ಎಲ್ಲೋ ಏನೋ ಜಗಳ ಬಿಗಡಾಯಿಸಿದೆ. ‘ಅವನು ಮೊದಲು ಹೊಡೆದರೆ ನನ್ನ ಕೈ ಖಾಲಿ’ ಎಂದು ನನಗೆ ಗೊತ್ತು. ಹಾಗಾಗಿ ಅವನಿಗಿಂತ ಮೊದಲು ಹೊಡೆಯುವ ಆಸೆ. ನನಗೆ ಈ ಆಸೆ ಹುಟ್ಟಿದೆ ಎಂದು ನಿಮಗೂ ಗೊತ್ತು, ಹಾಗಾಗಿ ನೀವು ಇನ್ನೂ ಬೇಗ ಹೊಡೆಯಲು ನೋಡುತ್ತೀರಿ. ಯಾರಿಗೂ ಬೇಡವಾದ ಯುದ್ಧ ಬರೀ ಅವಸರದಿಂದ ಶುರುವಾಗಬಹುದು. ಬಾಂಬು ಇದ್ದ ಮಾತ್ರಕ್ಕೆ ನೆಮ್ಮದಿ ಬರುವುದಿಲ್ಲ. ತಪ್ಪು ಜಾಗದಲ್ಲಿ ಇಟ್ಟ ಬಾಂಬು ಇದ್ದ ನೆಮ್ಮದಿಯನ್ನೂ ಕೆಡಿಸುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಮುಖ್ಯವಾಗಿ ಸಮುದ್ರದಲ್ಲಿ. ನೆಲದೊಳಗೆ ಕಾಂಕ್ರೀಟ್ ಬಾವಿ ತೋಡಿ ಕ್ಷಿಪಣಿ ಇಟ್ಟರು, ಕೆಲವು ಬಾಂಬರ್‌ಗಳನ್ನು ಸದಾ ಸಜ್ಜಾಗಿ ಇಟ್ಟರು, ಅವೆಲ್ಲ ಸರಿ. ಆದರೆ ನಿಜವಾದ ಬದಲಾವಣೆ ಬಂದದ್ದು 1960ರ ನವೆಂಬರ್‌ನಲ್ಲಿ. ‘ಜಾರ್ಜ್ ವಾಷಿಂಗ್ಟನ್’ ಹೆಸರಿನ ಅಮೆರಿಕದ ಜಲಾಂತರ್ಗಾಮಿ 16 ಪೊಲಾರಿಸ್ ಕ್ಷಿಪಣಿಗಳನ್ನು ಹೊತ್ತು ತನ್ನ ಮೊದಲ ಗಸ್ತಿಗೆ ಹೊರಟಿತು. ಅದರ ಕೆಲಸ ಒಂದೇ, ಯಾರ ಕಣ್ಣಿಗೂ ಬೀಳದಿರುವುದು. ಅಣುಶಕ್ತಿಯಿಂದ ಓಡುವ ಹಡಗಾದ್ದರಿಂದ ಗಾಳಿಗೋಸ್ಕರ ಮೇಲೆ ಬರಬೇಕಿಲ್ಲ. ದಡದಿಂದ ಬರುವ ರೇಡಿಯೊ ಸಂದೇಶಗಳನ್ನು ಕೇಳಿಸಿಕೊಳ್ಳುತ್ತದೆ, ತಾನು ತುಟಿ ಬಿಚ್ಚುವುದಿಲ್ಲ. ಮಾತಾಡಿದರೆ ಎಲ್ಲಿದೆ ಎಂದು ಗೊತ್ತಾಗಿಬಿಡುತ್ತದೆ. ವಾಷಿಂಗ್ಟನ್ ನಗರವೇ ಇಲ್ಲವಾದರೂ ಸಮುದ್ರದ ತಳದಲ್ಲಿ ಸೇಡು ಜೀವಂತವಾಗಿರುತ್ತದೆ.

ಬ್ರಿಟನ್ ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಅಲ್ಲಿ ಹೊಸ ಪ್ರಧಾನಿ ಅಧಿಕಾರಕ್ಕೆ ಬಂದ ಕೂಡಲೇ ನಾಲ್ಕು ಕ್ಷಿಪಣಿ ಜಲಾಂತರ್ಗಾಮಿಗಳ ಕ್ಯಾಪ್ಟನ್‌ಗಳಿಗೆ ತಮ್ಮ ಕೈಯಾರೆ ಪತ್ರ ಬರೆಯುತ್ತಾರೆ. ದೇಶ ನಾಶವಾಗಿ, ಆದೇಶ ಕೊಡಲು ಯಾರೂ ಉಳಿಯದಿದ್ದರೆ ಏನು ಮಾಡಬೇಕು ಎಂದು. ಆ ಪತ್ರ ಹಡಗಿನ ತಿಜೋರಿಯೊಳಗೆ ಇರುತ್ತದೆ. ಪ್ರಧಾನಿ ಬದಲಾದಾಗ ಒಡೆಯದೆಯೇ ನಾಶ ಮಾಡುತ್ತಾರೆ. ‘ಹೊಡೆಯಿರಿ’ ಎಂದು ಬರೆದಿದ್ದರೋ ‘ಬೇಡ’ ಎಂದು ಬರೆದಿದ್ದರೋ ಶತ್ರುವಿಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ಆ ಪತ್ರದ ಬಲ.

ಈಗ ಮಾಸ್ಕೋ ಒಪ್ಪಂದಕ್ಕೆ ವಾಪಸ್ ಬರೋಣ. ರಕ್ಷಣಾ ಕ್ಷಿಪಣಿ ಅಂದರೆ ಗುರಾಣಿ. ಗುರಾಣಿಯಿಂದ ಯಾರಿಗೆ ಏನು ತೊಂದರೆ? ತೊಂದರೆ ಇದೆ. ಸಾವಿರಾರು ಸಿಡಿತಲೆಗಳು (ಕ್ಷಿಪಣಿಯ ಮೂತಿಯಲ್ಲಿರುವ ಬಾಂಬುಗಳು) ಒಟ್ಟಿಗೆ ನುಗ್ಗಿದರೆ ಯಾವ ಗುರಾಣಿಯೂ ತಡೆಯಲಾರದು, ಇದು ಎರಡೂ ಕಡೆಯವರಿಗೆ ಗೊತ್ತಿತ್ತು. ಆದರೆ ಮೊದಲ ಏಟು ನಾನೇ ಕೊಟ್ಟೆ ಅಂದುಕೊಳ್ಳಿ. ನಿಮ್ಮ ಬಹುಪಾಲು ಕ್ಷಿಪಣಿಗಳು ನೆಲದಲ್ಲೇ ನಾಶವಾದವು. ಅಳಿದುಳಿದವುಗಳಿಂದ ನೀವು ತಿರುಗಿ ಹೊಡೆಯುತ್ತೀರಿ. ಆ ಹರಕುಮುರುಕು ಪ್ರತಿದಾಳಿಯನ್ನು ನನ್ನ ಗುರಾಣಿ ತಡೆದೀತು. ಹಾಗಾಗಿ ನಾನು ಗುರಾಣಿ ಕಟ್ಟುವುದನ್ನು ಕಂಡರೆ ನಿಮಗೆ ಕಾಣುವುದು ನನ್ನ ರಕ್ಷಣೆಯಲ್ಲ. ‘ಇವನು ಮೊದಲು ಹೊಡೆಯಲು ತಯಾರಾಗುತ್ತಿದ್ದಾನೆ’ ಎಂದೇ ಕಾಣುತ್ತದೆ. ಆಗ ನೀವು ಇನ್ನೂ ಸಾವಿರ ಸಿಡಿತಲೆ ಸೇರಿಸುತ್ತೀರಿ. ಗುರಾಣಿಗಿಂತ ಸಿಡಿತಲೆ ಅಗ್ಗ ಬೇರೆ.

ಈ ತರ್ಕವನ್ನು ರಷ್ಯನ್ನರಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. 1967ರ ಜೂನ್‌ನಲ್ಲಿ ನ್ಯೂಜೆರ್ಸಿಯ ಗ್ಲಾಸ್‌ಬರೊ ಎಂಬ ಪುಟ್ಟ ಊರಿನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಸೋವಿಯತ್ ಪ್ರಧಾನಿ ಅಲೆಕ್ಸಿ ಕೊಸಿಗಿನ್‌ಗೆ ಇದನ್ನು ವಿವರಿಸಿದ. ಕೊಸಿಗಿನ್‌ಗೆ ಸಿಟ್ಟು ಬಂತು. ರಕ್ಷಣೆ ಮಾಡಿಕೊಳ್ಳುವುದು ನೀತಿ, ದಾಳಿ ಮಾಡುವುದು ಅನೀತಿ, ನೀವು ಉಲ್ಟಾ ಹೇಳುತ್ತಿದ್ದೀರಿ ಅನ್ನುವುದು ಆತನ ವಾದ. ಸಾಮಾನ್ಯ ಬುದ್ಧಿಗೆ ಆತ ಹೇಳಿದ್ದೇ ಸರಿ ಅನಿಸುತ್ತದೆ. ಆದರೂ ಐದು ವರ್ಷಗಳಲ್ಲಿ ಸೋವಿಯತ್ ಸರ್ಕಾರ ಮ್ಯಾಕ್‌ನಮಾರಾನ ದಾರಿಗೇ ಬಂತು.

ಅದೇ ಹೊತ್ತಿಗೆ ಇನ್ನೊಂದು ಬಾಗಿಲಿನಿಂದ ಅಪಾಯ ಒಳಗೆ ಬರುತ್ತಿತ್ತು, ಅದನ್ನು ಯಾರೂ ಮುಚ್ಚಲಿಲ್ಲ. ಒಂದು ಕ್ಷಿಪಣಿಯ ಮೂತಿಯಲ್ಲಿ ಹಲವು ಸಿಡಿತಲೆಗಳನ್ನಿಟ್ಟು ಒಂದೊಂದನ್ನೂ ಬೇರೆ ಬೇರೆ ಗುರಿಗೆ ಕಳಿಸುವ ತಂತ್ರ. ಅಮೆರಿಕ 1970ರಲ್ಲಿ ಇದನ್ನು ಶುರು ಮಾಡಿತು, ಸೋವಿಯತ್ ಒಕ್ಕೂಟ ಹಿಂದೆಯೇ ಬಂತು. ಇದರ ಪರಿಣಾಮ ಕೂಡಿಸಿ ಕಳೆದರೆ ಗೊತ್ತಾಗುತ್ತದೆ. ಇಬ್ಬರ ಹತ್ತಿರವೂ ತಲಾ 100 ಕ್ಷಿಪಣಿ, ಒಂದೊಂದರಲ್ಲಿ ಒಂದೇ ಸಿಡಿತಲೆ ಎಂದಿಟ್ಟುಕೊಳ್ಳಿ. ಒಂದು ಬಾವಿಯನ್ನು ಖಂಡಿತ ನಾಶ ಮಾಡಲು ಎರಡು ಸಿಡಿತಲೆ ಬೇಕು. ಆಗ ನಾನು ನೂರನ್ನೂ ಹಾರಿಸಿದರೆ ನಿಮ್ಮ 50 ಹೋಗುತ್ತವೆ. ನನ್ನ ಕೈ ಖಾಲಿ, ನಿಮ್ಮ ಹತ್ತಿರ ಇನ್ನೂ 50. ಮೊದಲು ಹೊಡೆದವನೇ ಮೂರ್ಖ. ಈಗ ಒಂದೊಂದರಲ್ಲಿ ಹತ್ತು ಸಿಡಿತಲೆ ಇಡಿ. 20 ಕ್ಷಿಪಣಿ ಹಾರಿಸಿದರೆ ಸಾಕು, 200 ಸಿಡಿತಲೆ, ನಿಮ್ಮ ನೂರೂ ಹೋದವು. ನನ್ನ ಹತ್ತಿರ 80 ಉಳಿದವು. ಮೊದಲು ಹೊಡೆದವನೇ ಜಾಣ! ಶಾಂತಿಯಲ್ಲಿರಲು ಇದ್ದ ಕಾರಣವನ್ನೇ ಈ ತಂತ್ರ ಕಿತ್ತುಹಾಕುತ್ತದೆ. ಸಮುದ್ರದ ಜಲಾಂತರ್ಗಾಮಿಗಳು ಇಲ್ಲದಿದ್ದರೆ 1970ರ ದಶಕ ಹೇಗಿರುತ್ತಿತ್ತೋ ಊಹಿಸಲೂ ಕಷ್ಟ.

ಇನ್ನೊಂದು ಗಂಟು ಇತ್ತು. ಅಮೆರಿಕದ ಮೇಲೆ ಬಾಂಬು ಬಿದ್ದರೆ ಅಮೆರಿಕ ತಿರುಗಿ ಹೊಡೆಯುತ್ತದೆ, ನಂಬೋಣ. ಆದರೆ ಬರ್ಲಿನ್ ಮೇಲೆ ದಾಳಿಯಾದರೆ? ಬರ್ಲಿನ್‌ಗೋಸ್ಕರ ನ್ಯೂಯಾರ್ಕ್ ಕಳೆದುಕೊಳ್ಳಲು ಯಾವ ಅಧ್ಯಕ್ಷ ತಯಾರಿರುತ್ತಾನೆ? ಫ್ರಾನ್ಸಿನ ಅಧ್ಯಕ್ಷ ಡಿಗಾಲ್‌ಗೆ ಈ ಅನುಮಾನ ಎಷ್ಟು ಬಲವಾಗಿತ್ತೆಂದರೆ ಫ್ರಾನ್ಸ್ ತನ್ನದೇ ಅಣ್ವಸ್ತ್ರ ಪಡೆ ಕಟ್ಟಿಕೊಂಡಿತು. ಅಮೆರಿಕ ಇದಕ್ಕೆ ಕಂಡುಕೊಂಡ ಉತ್ತರ ಸ್ವಲ್ಪ ಕ್ರೂರವಾದದ್ದು. ಪೂರ್ವ ಜರ್ಮನಿಯ ನಡುವೆ ದ್ವೀಪದಂತಿದ್ದ ಪಶ್ಚಿಮ ಬರ್ಲಿನ್‌ನಲ್ಲಿ ತನ್ನ ಕೆಲವು ಸಾವಿರ ಸೈನಿಕರನ್ನು ಇಟ್ಟಿತು. ಅವರಿಂದ ಸೋವಿಯತ್ ಸೈನ್ಯವನ್ನು ತಡೆಯಲು ಆಗುತ್ತಿರಲಿಲ್ಲ. ತಡೆಯಲಿ ಎಂದು ಇಟ್ಟದ್ದೂ ಅಲ್ಲ. ಅಷ್ಟು ಅಮೆರಿಕನ್ನರು ಸತ್ತರೆ ವಾಷಿಂಗ್ಟನ್‌ಗೆ ಸುಮ್ಮನಿರಲು ಆಗದು, ಅದು ಮಾಸ್ಕೋಗೆ ಗೊತ್ತಿರಲಿ ಎಂದು ಇಟ್ಟದ್ದು. ಆಮೇಲೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಇಂಥ ಪಟ್ಟುಗಳನ್ನು ಬಿಡಿಸಿ ವಿವರಿಸಿದ. ನಮ್ಮ ಕೈಯನ್ನು ನಾವೇ ಕಟ್ಟಿಕೊಂಡಾಗ, ಹಿಂದೆ ಸರಿಯುವ ದಾರಿಯನ್ನು ನಾವೇ ಮುಚ್ಚಿಕೊಂಡಾಗ, ಬೆದರಿಕೆ ಬಾಯಿಮಾತಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ. ಎರಡೂ ಕಡೆ ನಿರ್ಧಾರ ಮಾಡುವವರು ಯೋಚಿಸಿ ನಿರ್ಧಾರ ಮಾಡುತ್ತಾರೆ, ಅವರು ಹೇಳಿದ್ದೇ ಕೆಳಗೆ ನಡೆಯುತ್ತದೆ ಎಂಬ ನಂಬಿಕೆ. 1962ರ ಅಕ್ಟೋಬರ್ 27ರ ಶನಿವಾರ ಆ ನಂಬಿಕೆ ಎಷ್ಟು ತೆಳುವಾದದ್ದು ಎಂದು ಗೊತ್ತಾಯಿತು.

ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಾಣಿಸಿಕೊಂಡು ಹದಿಮೂರು ದಿನ ಜಗತ್ತು ಉಸಿರು ಬಿಗಿಹಿಡಿದ ಕಥೆ ಎಲ್ಲರಿಗೂ ಗೊತ್ತು. ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್ ಅವನ್ನು ಅಲ್ಲಿಟ್ಟದ್ದಕ್ಕೂ ಎರಡನೇ ಏಟಿನ ಲೆಕ್ಕಕ್ಕೂ ಸಂಬಂಧವಿದೆ. ಅಮೆರಿಕವನ್ನು ಮುಟ್ಟಬಲ್ಲ ದೂರಗಾಮಿ ಕ್ಷಿಪಣಿಗಳು ಆತನ ಹತ್ತಿರ ಆಗ ತೀರಾ ಕಡಿಮೆ ಇದ್ದವು. ಅಮೆರಿಕದ ಜ್ಯುಪಿಟರ್ ಕ್ಷಿಪಣಿಗಳೋ ಟರ್ಕಿಯಲ್ಲಿ, ಸೋವಿಯತ್ ಬಾಗಿಲಲ್ಲೇ ಕೂತಿದ್ದವು. ವಾಷಿಂಗ್ಟನ್‌ನಲ್ಲಿ ಕೆನಡಿ, ಮಾಸ್ಕೋದಲ್ಲಿ ಕ್ರುಶ್ಚೇವ್, ಇಬ್ಬರೂ ನಿಜವಾಗಿ ಹೆದರಿದ್ದರು. ಡಿಟರೆನ್ಸ್ ಹೇಳುವಂತೆಯೇ ಇಬ್ಬರೂ ಹಿಂದೆ ಸರಿಯುವ ದಾರಿ ಹುಡುಕುತ್ತಿದ್ದರು. ಅಲ್ಲಿಯವರೆಗೆ ಲೆಕ್ಕ ಸರಿ.

ಆದರೆ ಅದೇ ಶನಿವಾರ ಅಟ್ಲಾಂಟಿಕ್ ಸಮುದ್ರದಲ್ಲಿ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿ ಅಮೆರಿಕದ ಹಡಗುಗಳ ಕೈಗೆ ಸಿಕ್ಕಿಕೊಂಡಿತ್ತು. ಇದು ಡೀಸೆಲ್ ಹಡಗು. ಬ್ಯಾಟರಿ ಮುಗಿಯುತ್ತಾ ಬಂದಿತ್ತು, ಒಳಗೆ ತಡೆಯಲಾಗದ ಸೆಕೆ, ಉಸಿರಾಡುವ ಗಾಳಿ ಕೆಟ್ಟಿತ್ತು. ಮೇಲೆ ಬಾ ಎಂದು ಸೂಚನೆ ಕೊಡಲು ಅಮೆರಿಕನ್ನರು ಚಿಕ್ಕ ಸಿಡಿಮದ್ದುಗಳನ್ನು ನೀರಿಗೆ ಹಾಕುತ್ತಿದ್ದರು. ಇದು ಬರೀ ಸೂಚನೆ ಎಂದು ಮಾಸ್ಕೋಗೆ ಮೊದಲೇ ತಿಳಿಸಿದ್ದರು. ಮಾಸ್ಕೋದಿಂದ ಆ ಮಾತು ನೀರಿನಡಿ ಇದ್ದವರಿಗೆ ಬಂದಿರಲಿಲ್ಲ. ಕ್ಯಾಪ್ಟನ್ ಸವಿಟ್ಸ್ಕಿಗೆ ಮೇಲೆ ಯುದ್ಧವೇ ಶುರುವಾಗಿದೆ ಅನಿಸಿತು. ಹಡಗಿನಲ್ಲಿ ಅಣುಸಿಡಿತಲೆಯ ಒಂದು ಟಾರ್ಪೆಡೊ ಇತ್ತು. ಅದನ್ನು ತಯಾರು ಮಾಡಿ ಎಂದು ಆತ ಕೂಗಾಡಿದ, ಜೊತೆಗಿದ್ದ ಅಧಿಕಾರಿ ವಸಿಲಿ ಅರ್ಖಿಪೊವ್ ಸಮಾಧಾನ ಮಾಡಿ ಹಡಗನ್ನು ಮೇಲಕ್ಕೆ ತರಿಸಿದ ಎಂದು ಹಡಗಿನಲ್ಲಿದ್ದವರೊಬ್ಬರು ಎಷ್ಟೋ ವರ್ಷಗಳ ನಂತರ ಹೇಳಿದರು. ನೀರಿಗೆ ಸಿಡಿಮದ್ದು ಹಾಕುತ್ತಿದ್ದ ಅಮೆರಿಕನ್ನರಿಗೆ ಕೆಳಗೆ ಅಣುಟಾರ್ಪೆಡೊ ಇದೆ ಎಂದೇ ಗೊತ್ತಿರಲಿಲ್ಲ.

ಗೊತ್ತಿಲ್ಲದ ವಸ್ತುವಿಗೆ ಯಾರೂ ಹೆದರುವುದಿಲ್ಲ. ‘ಬಾಂಬೇ ಶಾಂತಿ ಕಾಪಾಡಿತು’ ಅನ್ನುವವರ ಜೊತೆ ನನ್ನ ತಕರಾರು ಇರುವುದು ಇಲ್ಲೇ. ಬೇಕೆಂದು ಯುದ್ಧ ಶುರು ಮಾಡುವವನನ್ನು ಡಿಟರೆನ್ಸ್ ತಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಬೆವರು ಸುರಿಸುತ್ತಾ, ದಿಕ್ಕು ತಿಳಿಯದೆ, ಯಾರ ಜೊತೆಗೂ ಮಾತಾಡಲಾಗದೆ ಕೂತವನನ್ನು ಅದು ತಡೆಯುವುದಿಲ್ಲ. ಅಲ್ಲಿ ತಡೆಯುವುದು ಪಕ್ಕದಲ್ಲಿರುವ ಮನುಷ್ಯ, ಇದ್ದರೆ.

ಆ ದಿನಗಳಲ್ಲಿ ಎರಡು ರಾಜಧಾನಿಗಳ ನಡುವೆ ಮಾತುಕತೆ ಹೇಗಿತ್ತು ಗೊತ್ತಾ? ಸೋವಿಯತ್ ರಾಯಭಾರಿ ದೊಬ್ರಿನಿನ್ ಮಾಸ್ಕೋಗೆ ಕಳಿಸಬೇಕಾದ ಗುಪ್ತ ಸಂದೇಶವನ್ನು ತಂತಿ ಕಂಪನಿಯ ಹುಡುಗನೊಬ್ಬ ಸೈಕಲ್ ಮೇಲೆ ಬಂದು ಒಯ್ಯುತ್ತಿದ್ದ. ಆತ ದಾರಿಯಲ್ಲಿ ಎಲ್ಲೂ ನಿಲ್ಲದಿರಲಿ ಎಂದು ಪ್ರಾರ್ಥಿಸುವುದೊಂದೇ ನಮಗೆ ಉಳಿದಿತ್ತು ಎಂದು ದೊಬ್ರಿನಿನ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಕೊನೆಗೆ ಕ್ಷಿಪಣಿ ವಾಪಸ್ ತೆಗೆಯುತ್ತೇವೆ ಎಂಬ ನಿರ್ಧಾರವನ್ನು ಕ್ರುಶ್ಚೇವ್ ರೇಡಿಯೊದಲ್ಲೇ ಓದಿಸಿಬಿಟ್ಟ, ಬೇಗ ಮುಟ್ಟಲಿ ಎಂದು. ಟರ್ಕಿಯ ಜ್ಯುಪಿಟರ್‌ಗಳನ್ನು ಕೆನಡಿ ಗುಟ್ಟಾಗಿ ತೆಗೆಸಿದ. 1963ರ ಆಗಸ್ಟ್‌ನಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕ ಬಂತು. ಸಿನಿಮಾಗಳಲ್ಲಿ ತೋರಿಸುವ ಕೆಂಪು ಫೋನಲ್ಲ ಅದು, ಟೆಲಿಪ್ರಿಂಟರ್. ಬರೆದು ಕಳಿಸಿದರೆ ಯೋಚಿಸಲು ಸಮಯ ಸಿಗುತ್ತದೆ, ಭಾಷಾಂತರದಲ್ಲೂ ಗೊಂದಲ ಕಡಿಮೆ.

ಮೇಲಿನ ಹಂತದಲ್ಲಿ ಹೀಗೆ ಸ್ಥಿರತೆ ಬಂದಾಗ ಕೆಳಗಿನ ಹಂತದಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ದೊಡ್ಡ ಯುದ್ಧ ಆಗುವುದಿಲ್ಲ ಎಂಬ ಧೈರ್ಯವಿದ್ದರೆ ಸಣ್ಣ ಯುದ್ಧ ಮಾಡಲು ಕೈ ಬಿಚ್ಚಿಕೊಳ್ಳುತ್ತದೆ. ವಿಯೆಟ್ನಾಂ, ಅಂಗೋಲಾ, ಅಫ್ಘಾನಿಸ್ತಾನ ಎಲ್ಲದರಲ್ಲೂ ಸತ್ತದ್ದು ಬಹುಪಾಲು ಬೇರೆಯವರು. ಕೊರಿಯಾ ಯುದ್ಧದಲ್ಲಂತೂ ಸೋವಿಯತ್ ಪೈಲಟ್‌ಗಳೇ ಮಿಗ್-15 ವಿಮಾನ ಹಾರಿಸಿ ಅಮೆರಿಕನ್ನರ ಜೊತೆ ಕಾದಾಡಿದರು. ವಿಮಾನದ ಮೇಲೆ ಬೇರೆ ದೇಶದ ಗುರುತು. ರೇಡಿಯೊದಲ್ಲಿ ರಷ್ಯನ್ ಮಾತಾಡಬೇಡಿ ಎಂದು ಆದೇಶವಿತ್ತು, ಕಾದಾಟದ ಬಿಸಿಯಲ್ಲಿ ಅದೆಲ್ಲಿ ನೆನಪಿರುತ್ತದೆ? ಅಮೆರಿಕನ್ನರಿಗೆ ಕೇಳಿಸಿತು. ಕೇಳಿಸಿದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ದೊಡ್ಡ ಯುದ್ಧ ಮಾಡಬೇಕಾಗುತ್ತಿತ್ತು. ಹತ್ತಿರದ ಉದಾಹರಣೆ ಬೇಕಾದರೆ ಕಾರ್ಗಿಲ್ ಇದೆ. 1998ರ ಮೇನಲ್ಲಿ ಭಾರತ, ಪಾಕಿಸ್ತಾನ ಎರಡೂ ಬಾಂಬು ಪರೀಕ್ಷಿಸಿದವು, ಮರುವರ್ಷವೇ ಕಾರ್ಗಿಲ್ ಯುದ್ಧ. ನಮ್ಮ ವಾಯುಪಡೆಗೆ ನಿಯಂತ್ರಣ ರೇಖೆ ದಾಟಬೇಡಿ ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತ್ತು. ಬಾಂಬು ಯುದ್ಧವನ್ನು ತಪ್ಪಿಸಲಿಲ್ಲ. ಹಿಗ್ಗದಂತೆ ಇಬ್ಬರೂ ಎಚ್ಚರ ವಹಿಸುವ ಹಾಗೆ ಮಾಡಿತು.

ಇನ್ನು ಯಂತ್ರಗಳ ವಿಷಯ. ಖಂಡಾಂತರ ಕ್ಷಿಪಣಿ ರಷ್ಯಾದಿಂದ ಅಮೆರಿಕಕ್ಕೆ ಮುಟ್ಟಲು ಸುಮಾರು 30 ನಿಮಿಷ ಸಾಕು. ಬಾವಿಯಲ್ಲಿರುವ ಕ್ಷಿಪಣಿಗಳನ್ನು ಉಳಿಸಿಕೊಳ್ಳಬೇಕಾದರೆ ಶತ್ರುವಿನದು ಬೀಳುವ ಮೊದಲೇ ಹಾರಿಸಬೇಕು. ಅಂದರೆ ರೇಡಾರ್, ಉಪಗ್ರಹ, ಕಂಪ್ಯೂಟರ್ ಹೇಳಿದ್ದನ್ನು ನಂಬಬೇಕು. 1980ರ ಜೂನ್‌ನಲ್ಲಿ ಅಮೆರಿಕದ ಪರದೆಗಳ ಮೇಲೆ ದಾಳಿಯ ಎಚ್ಚರಿಕೆ ಮೂಡಿತು. ಬರುತ್ತಿರುವ ಕ್ಷಿಪಣಿಗಳ ಸಂಖ್ಯೆ ಏರುತ್ತಿತ್ತು, ಇಳಿಯುತ್ತಿತ್ತು. ಬಾಂಬರ್ ಪೈಲಟ್‌ಗಳು ಓಡಿಹೋಗಿ ಎಂಜಿನ್ ಚಾಲೂ ಮಾಡಿದರು. ಆಗಿದ್ದಿಷ್ಟು: ಲೈನು ಸರಿಯಿದೆಯೇ ಎಂದು ನೋಡಲು ಸದಾ ಒಂದು ಪರೀಕ್ಷಾ ಸಂದೇಶ ಹೋಗುತ್ತಿತ್ತು, ಅದರಲ್ಲಿ ಕ್ಷಿಪಣಿಗಳ ಸಂಖ್ಯೆಯ ಜಾಗದಲ್ಲಿ ಸೊನ್ನೆಗಳಿರುತ್ತಿದ್ದವು. ಒಂದು ಚಿಪ್ ಕೆಟ್ಟು ಆ ಸೊನ್ನೆಗಳ ಜಾಗದಲ್ಲಿ 2 ಕೂರಿಸತೊಡಗಿತ್ತು. ಚಿಪ್‌ನ ಬೆಲೆ 46 ಸೆಂಟ್! 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಕಡೆ ಇದೇ ಬಗೆಯ ಸುಳ್ಳು ಎಚ್ಚರಿಕೆ ಬಂತು, ಐದು ಕ್ಷಿಪಣಿ ಬರುತ್ತಿವೆ ಎಂದು. ಮೋಡದ ಮೇಲೆ ಬಿದ್ದ ಬಿಸಿಲು ಉಪಗ್ರಹಕ್ಕೆ ಬೆಂಕಿಯಂತೆ ಕಂಡಿತ್ತು. ಕರ್ತವ್ಯದಲ್ಲಿದ್ದ ಸ್ತನಿಸ್ಲಾವ್ ಪೆತ್ರೊವ್, ಯುದ್ಧ ಶುರು ಮಾಡುವವರು ಬರೀ ಐದು ಕಳಿಸುತ್ತಾರಾ ಎಂದು ಯೋಚಿಸಿ ಇದು ಸುಳ್ಳು ಎಂದು ವರದಿ ಮಾಡಿದ. ಮೂರೂವರೆ ವಾರದ ಹಿಂದಷ್ಟೇ ಸೋವಿಯತ್ ವಿಮಾನ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಎರಡೂ ಕಡೆ ನರ ಬಿಗಿದಿದ್ದ ಹೊತ್ತದು.

1986ರ ಸುಮಾರಿಗೆ ಜಗತ್ತಿನಲ್ಲಿ ಸುಮಾರು 70,000 ಅಣ್ವಸ್ತ್ರಗಳಿದ್ದವು. ಎರಡನೇ ಏಟಿಗೆ ಅಷ್ಟು ಬೇಕೇ ಇರಲಿಲ್ಲ. 400 ಮೆಗಾಟನ್ (ಒಂದು ಮೆಗಾಟನ್ ಅಂದರೆ ಹತ್ತು ಲಕ್ಷ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ) ದಾಟಿದ ಮೇಲೆ ಸೇರಿಸಿದ್ದೆಲ್ಲ ಹೆಚ್ಚೇನೂ ಸಾಧಿಸುವುದಿಲ್ಲ ಎಂದು ಮ್ಯಾಕ್‌ನಮಾರಾನ ಇಲಾಖೆ 1960ರ ದಶಕದಲ್ಲೇ ಲೆಕ್ಕ ಹಾಕಿತ್ತು. ಗೋರ್ಬಚೆವ್ ಮತ್ತು ರೇಗನ್ ಕಾಲದಿಂದ ಕಡಿತ ಶುರುವಾಗಿ, ಈಗ ಒಟ್ಟು ಸುಮಾರು 12,000ಕ್ಕೆ ಇಳಿದಿದೆ. ಅದರಲ್ಲಿ ಬಹುಪಾಲು ಅಮೆರಿಕ ಮತ್ತು ರಷ್ಯಾದವೇ.

ಆದರೆ ಲೆಕ್ಕವನ್ನು ಕಾಯುತ್ತಿದ್ದ ಒಪ್ಪಂದಗಳು ಒಂದೊಂದಾಗಿ ಉದುರಿವೆ. 2002ರ ಜೂನ್ 13ರಂದು ಅಮೆರಿಕ 1972ರ ಮಾಸ್ಕೋ ಒಪ್ಪಂದದಿಂದ ಹೊರಬಂತು. ನೆಲದ ಕ್ಷಿಪಣಿಗಳಲ್ಲಿ ಹಲವು ಸಿಡಿತಲೆ ಇಡುವುದನ್ನು ನಿಷೇಧಿಸುವ ಇನ್ನೊಂದು ಒಪ್ಪಂದಕ್ಕೆ ಸಹಿಯಾಗಿತ್ತು, ಜಾರಿಯಾಗಿರಲಿಲ್ಲ. ಮರುದಿನವೇ ರಷ್ಯಾ ಅದಕ್ಕೆ ಕೈಕೊಟ್ಟಿತು. ನೀನು ಗುರಾಣಿ ಕಟ್ಟಿದರೆ ನಾನು ಸಿಡಿತಲೆ ಹೆಚ್ಚಿಸುತ್ತೇನೆ, ಅದೇ ಹಳೆಯ ತರ್ಕ. ಈಗ ಇದಕ್ಕೆ ಚೀನಾವೂ ಸೇರಿದೆ. ಅದರ ಹತ್ತಿರ 600ಕ್ಕೂ ಹೆಚ್ಚು ಸಿಡಿತಲೆಗಳಿವೆ ಎಂದು ಅಮೆರಿಕದ ರಕ್ಷಣಾ ಇಲಾಖೆ 2024ರಲ್ಲಿ ಅಂದಾಜು ಮಾಡಿತ್ತು. ಇಬ್ಬರಿದ್ದಾಗ ‘ಸಮ’ ಅನ್ನುವುದಕ್ಕೆ ಅರ್ಥವಿತ್ತು. ಮೂವರಲ್ಲಿ ಇಬ್ಬರು ಒಂದಾಗಬಹುದು ಎಂಬ ಭಯವಿದ್ದರೆ ಪ್ರತಿಯೊಬ್ಬನಿಗೂ ಉಳಿದಿಬ್ಬರ ಮೊತ್ತದಷ್ಟು ಬೇಕು ಅನಿಸುತ್ತದೆ. ಮೂವರಿಗೂ ಅದು ಒಟ್ಟಿಗೆ ಸಿಗುವುದು ಗಣಿತದಲ್ಲೇ ಸಾಧ್ಯವಿಲ್ಲ.

ಅಮೆರಿಕ ಮತ್ತು ರಷ್ಯಾ ನಡುವೆ ಕೊನೆಯದಾಗಿ ಉಳಿದಿದ್ದ ನ್ಯೂ ಸ್ಟಾರ್ಟ್ ಒಪ್ಪಂದ ಹಾರಿಸಲು ಸಜ್ಜಾಗಿ ಇಟ್ಟ ದೂರಗಾಮಿ ಸಿಡಿತಲೆಗಳಿಗೆ ತಲಾ 1,550ರ ಮಿತಿ ಹಾಕಿತ್ತು. ಅದರ ಅವಧಿ 2026ರ ಫೆಬ್ರವರಿ 5ರವರೆಗೆ ಮಾತ್ರ ಇತ್ತು. ನನಗೆ ಆ ಮಿತಿಗಿಂತ ಅದರ ತಪಾಸಣೆಯೇ ಮುಖ್ಯ ಅನಿಸುತ್ತದೆ. ವರ್ಷಕ್ಕೆ 18 ಸಲ ಒಬ್ಬರ ನೆಲೆಗೆ ಇನ್ನೊಬ್ಬರ ಅಧಿಕಾರಿಗಳು ಹೋಗಬಹುದಿತ್ತು. ಇಂಥ ಕ್ಷಿಪಣಿ ತೋರಿಸಿ ಅಂದರೆ ಮೂತಿಯ ಮುಚ್ಚಳ ತೆಗೆದು ತೋರಿಸುತ್ತಿದ್ದರು, ಒಳಗಿನ ಸಿಡಿತಲೆಗಳ ಮೇಲೆ ಬಟ್ಟೆ ಹೊದಿಸಿ. ವಿನ್ಯಾಸ ಕಾಣಬಾರದು, ಎಣಿಸಲು ಮಾತ್ರ ಆಗಬೇಕು. 2020ರಲ್ಲಿ ಕೋವಿಡ್‌ಗಾಗಿ ನಿಂತ ಈ ತಪಾಸಣೆ ಮತ್ತೆ ಶುರುವಾಗಲಿಲ್ಲ. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಉಪಗ್ರಹದಿಂದ ನೋಡಿದರೆ ಎಷ್ಟು ಬಾವಿ ಇವೆ ಎಂದು ಗೊತ್ತಾಗುತ್ತದೆ. ಒಂದು ಮೂತಿಯೊಳಗೆ ಒಂದು ಸಿಡಿತಲೆ ಇದೆಯೋ ಹತ್ತು ಇವೆಯೋ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಎರಡೂ ಕಡೆಯ ಸೈನ್ಯಗಳು ಹತ್ತು ಎಂದೇ ಲೆಕ್ಕ ಹಾಕುತ್ತವೆ.